ನೂರರವತ್ತು ಎಕರೆ ಹುಲ್ಲು

ಒಂದು ಎಕರೆ ಅಂದರೆ ಎಷ್ಟು ಅಂತ ನಮ್ಮ ಪೀಳಿಗೆಯ ಬೆಂಗಳೂರಿಗರನ್ನು ಕೇಳಿ ನೋಡಿ. ಹೆಚ್ಚಿನವರು ತಡವರಿಸುತ್ತಾರೆ. ನಮಗೆ ಗೊತ್ತಿರುವುದು ಸ್ಕ್ವೇರ್ ಫೀಟ್ ಮಾತ್ರ. ಮೂವತ್ತು-ನಲವತ್ತರ ಸೈಟು, ಸಾವಿರದಿನ್ನೂರು ಅಡಿ, ಅದಕ್ಕೆ ಇಪ್ಪತ್ತು ವರ್ಷದ ಇಎಂಐ. ಲೆಕ್ಕ ಹಾಕಿದರೆ ಒಂದು ಎಕರೆಯಲ್ಲಿ ಅಂಥ 36 ಸೈಟುಗಳು ಕೂರುತ್ತವೆ (ರಸ್ತೆ, ಚರಂಡಿಗೆ ಜಾಗ ಬಿಡದಿದ್ದರೆ). ನೂರರವತ್ತು ಎಕರೆಯಲ್ಲಿ 5,800. ಇಷ್ಟು ನೆಲವನ್ನು ಅಮೆರಿಕ ಸರ್ಕಾರ ಒಂದು ಕಾಲದಲ್ಲಿ ಎಲ್ಲಾ ಸೇರಿ 18 ಡಾಲರ್ ಶುಲ್ಕ ತಗೊಂಡು ಬರೆದುಕೊಡುತ್ತಿತ್ತು. ಷರತ್ತು ಇಷ್ಟೇ: ಅಲ್ಲೊಂದು ಮನೆ ಕಟ್ಟಬೇಕು, ಐದು ವರ್ಷ ಅಲ್ಲೇ ವಾಸ ಮಾಡಬೇಕು, ನೆಲ ಉಳಬೇಕು.

ಈ ಕಾನೂನಿನ ಹೆಸರು ಹೋಮ್‌ಸ್ಟೆಡ್ ಆಕ್ಟ್. ಅಬ್ರಹಾಂ ಲಿಂಕನ್ ಇದಕ್ಕೆ ಸಹಿ ಹಾಕಿದ್ದು 1862ರ ಮೇ 20ರಂದು, ಅಂತರ್ಯುದ್ಧದ ಮಧ್ಯದಲ್ಲಿ. ಕಾನೂನಿಗೊಂದು ಸ್ಮಾರಕವೂ ಇದೆ. ನೆಬ್ರಾಸ್ಕ ರಾಜ್ಯದ ಬಿಯಾಟ್ರಿಸ್ ಎಂಬ ಊರಿನಿಂದ ನಾಲ್ಕು ಮೈಲಿ ಪಶ್ಚಿಮಕ್ಕೆ, ಕಬ್ ಕ್ರೀಕ್ ಅನ್ನುವ ಸಣ್ಣ ಹಳ್ಳದ ಪಕ್ಕ. ಹೋಮ್‌ಸ್ಟೆಡ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್. ನಾನು ಕೆಲಸಕ್ಕಿರುವ ಓಮಾಹಾದಿಂದ ಎರಡು ಗಂಟೆಗೆ ತುಸು ಕಡಿಮೆ ಡ್ರೈವು. ಊರಿನ ಹೆಸರನ್ನು ಇಲ್ಲಿಯವರು ‘ಬೀ-ಆಟ್-ರಿಸ್’ ಅಂತ ನಡುವೆ ಒತ್ತಿ ಹೇಳುತ್ತಾರೆ, ಬೇರೆ ಥರ ಹೇಳಿದರೆ ನೀವು ಹೊರಗಿನವರು ಅಂತ ಆ ಕ್ಷಣಕ್ಕೇ ಗೊತ್ತಾಗುತ್ತದೆ. (ನನ್ನ ವಿಷಯದಲ್ಲಿ ಅದು ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ, ಆ ಮಾತು ಬೇರೆ.)

ಪಾರ್ಕಿಗೆ ಕಾರು ತಿರುಗಿಸಿದ ಕೂಡಲೇ ಪಾಠ ಶುರು. ಅಲ್ಲಿಯ ಪಾರ್ಕಿಂಗ್ ಜಾಗವನ್ನು ಸರಿಯಾಗಿ ಒಂದು ಎಕರೆ ಅಳತೆಗೆ ಮಾಡಿದ್ದಾರೆ. ಇದನ್ನು ನೂರರವತ್ತರಿಂದ ಗುಣಿಸಿಕೊಳ್ಳಿ ಅಂತ. ಅದರಾಚೆ ಮ್ಯೂಸಿಯಂ ಕಟ್ಟಡ, ಚಾವಣಿ ನೆಲವನ್ನು ಸೀಳುತ್ತಿರುವ ನೇಗಿಲಿನ ಆಕಾರದಲ್ಲಿದೆ. ಬಾಗಿಲಿಗೆ ಹೋಗುವ ದಾರಿಯಲ್ಲಿ ಒಂದು ಗೋಡೆ. ಈ ಕಾನೂನು ಅನ್ವಯಿಸಿದ 30 ರಾಜ್ಯಗಳ ಆಕಾರದಲ್ಲಿ ಲೋಹದ ತಗಡುಗಳನ್ನು ಕತ್ತರಿಸಿ ನಿಲ್ಲಿಸಿದ್ದಾರೆ. ಪ್ರತಿ ತಗಡಿನಲ್ಲೂ ಒಂದು ಚೌಕ ತೂತು, ಆ ರಾಜ್ಯದ ಎಷ್ಟು ಪಾಲು ನೆಲ ಹೀಗೆ ಹಂಚಿಹೋಯಿತೋ ಅಷ್ಟು ದೊಡ್ಡದು. ಕೆಲವು ರಾಜ್ಯಗಳಲ್ಲಿ ತೂತು ಬೆರಳಿನಷ್ಟು. ನೆಬ್ರಾಸ್ಕದ ತೂತು ಮಾತ್ರ ತಗಡನ್ನೇ ನುಂಗಿದ ಹಾಗಿದೆ: ಶೇ. 45. ಒಟ್ಟು ದೇಶದ ಲೆಕ್ಕ 27 ಕೋಟಿ ಎಕರೆ, ಅಮೆರಿಕದ ನೆಲದ ಹತ್ತರಲ್ಲೊಂದು ಭಾಗ. ನಮ್ಮ ಇಡೀ ಕರ್ನಾಟಕವನ್ನು ಐದೂವರೆ ಸಲ ಹಂಚಿದರೂ ಅದಕ್ಕೆ ಸಮವಾಗುವುದಿಲ್ಲ. ಕೊನೆಗೆ ಹಕ್ಕುಪತ್ರ ಸಿಕ್ಕ ಕುಟುಂಬಗಳು ಸುಮಾರು 16 ಲಕ್ಷ. ಅರ್ಜಿ ಹಾಕಿ, ಬರ, ಮಿಡತೆ, ಒಂಟಿತನ ತಡೆಯಲಾರದೆ ಅರ್ಧಕ್ಕೇ ಬಿಟ್ಟು ಹೋದವರು ಈ ಲೆಕ್ಕದಲ್ಲಿಲ್ಲ.

ತಗಡಿನ ತೂತನ್ನು ನೋಡುತ್ತಾ ನಿಂತಾಗ ನನಗೆ ಅನ್ನಿಸಿದ್ದು, ಇದನ್ನು ಮಾಡಿದ ಕಲಾವಿದರು ಬೇಕಂತಲೇ ಮಾಡಿದರೋ ಇಲ್ಲವೋ, ತುಂಬ ನಿಜವಾದ ಚಿತ್ರ ಇದು. ಕೊಟ್ಟದ್ದನ್ನು ತೋರಿಸೋಕೆ ತೂತು ಕೊರೆದಿದ್ದಾರೆ.

ಈಗ ಈ ಜಾಗದಲ್ಲೇ ಪಾರ್ಕು ಯಾಕೆ ಅನ್ನುವುದಕ್ಕೆ ಬರುತ್ತೇನೆ. ಕಾನೂನು ಜಾರಿಗೆ ಬಂದದ್ದು 1863ರ ಜನವರಿ 1ರಂದು. (ಗುಲಾಮರ ವಿಮೋಚನೆಯ ಘೋಷಣೆ ಜಾರಿಯಾದದ್ದೂ ಅದೇ ದಿನ.) ಡೇನಿಯಲ್ ಫ್ರೀಮನ್ ಎಂಬಾತ ಉತ್ತರದ ಸೈನ್ಯದಲ್ಲಿದ್ದವನು. ಡಿಸೆಂಬರ್ 31ರ ರಾತ್ರಿ ಬ್ರೌನ್‌ವಿಲ್ ಅನ್ನುವ ಊರಿನಲ್ಲಿದ್ದ. ಮಾರನೇ ದಿನ ಡ್ಯೂಟಿಗೆ ವಾಪಸ್ ಹೋಗಬೇಕು, ಲ್ಯಾಂಡ್ ಆಫೀಸು ತೆಗೆಯುವವರೆಗೆ ಕಾಯುವಂತಿಲ್ಲ. ಹೊಸ ವರ್ಷದ ಪಾರ್ಟಿಯಲ್ಲಿ ಸಿಕ್ಕ ಕಚೇರಿಯ ಗುಮಾಸ್ತನನ್ನು ಪುಸಲಾಯಿಸಿ, ಮಧ್ಯರಾತ್ರಿ ಕಳೆದ ಮೇಲೆ ಆಫೀಸಿನ ಬಾಗಿಲು ತೆಗೆಸಿ ಅರ್ಜಿ ಕೊಟ್ಟ ಅಂತ ಕತೆ. ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸುಗಳನ್ನು ಕಂಡವರು ಈ ಕತೆಯನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ, ಅಥವಾ ತಕ್ಷಣ ನಂಬಿಬಿಡುತ್ತಾರೆ. ಅದೇ ದಿನ ಬೇರೆ ಬೇರೆ ಕಚೇರಿಗಳಲ್ಲಿ ನೂರಾರು ಜನ ಅರ್ಜಿ ಹಾಕಿದ್ದರು, ಹಾಗಾಗಿ ದೇಶದಲ್ಲೇ ಮೊದಲನೆಯವನು ಇವನೇ ಅನ್ನೋದು ಗಡಿಯಾರ ಇಟ್ಟುಕೊಂಡು ಸಾಬೀತು ಮಾಡುವ ವಿಷಯವಲ್ಲ. ಆದರೆ ಬ್ರೌನ್‌ವಿಲ್ ಕಚೇರಿಯ ದಾಖಲೆಯಲ್ಲಿ ಅವನ ಅರ್ಜಿಯ ನಂಬರ್ 1, ಅದಂತೂ ಕಾಗದದ ಮೇಲಿದೆ. ಮೊದಲಿಗ ತಾನೇ ಅಂತ ಅವನು ಜೀವಮಾನವಿಡೀ ಹೇಳಿಕೊಂಡೂ ಬಂದ. 1908ರಲ್ಲಿ ತೀರಿಕೊಂಡಾಗ ಅವನನ್ನು ಆ ಹೊಲದಲ್ಲೇ ಮಣ್ಣು ಮಾಡಿದರು. 1936ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಆ ನೂರರವತ್ತು ಎಕರೆಯನ್ನೇ ಸ್ಮಾರಕ ಅಂತ ಘೋಷಿಸಿತು. ಅಂದರೆ ಸರ್ಕಾರ ಪುಕ್ಕಟೆ ಕೊಟ್ಟ ನೆಲವನ್ನು ಸರ್ಕಾರವೇ ದುಡ್ಡು ಕೊಟ್ಟು ವಾಪಸ್ ಕೊಂಡಿತು.

ಆಮೇಲೆ ನಡೆದದ್ದು ಈ ಜಾಗದ ಅತ್ಯಂತ ವಿಚಿತ್ರ ಸಂಗತಿ. ಸುಮಾರು ಎಪ್ಪತ್ತು ವರ್ಷ ಉತ್ತ ಹೊಲದಲ್ಲಿ 1939ರಿಂದ ಸರ್ಕಾರ ಹುಲ್ಲು ಬೆಳೆಸೋಕೆ ಶುರು ಮಾಡಿತು. ಕಾನೂನು ಯಾವ ಹುಲ್ಲನ್ನು ಕಿತ್ತರೆ ಮಾತ್ರ ನೆಲ ನಿನ್ನದು ಅಂದಿತ್ತೋ, ಅದೇ ಹುಲ್ಲು! ಇವತ್ತು ಅಲ್ಲಿ ಸುಮಾರು ನೂರು ಎಕರೆ ಪ್ರೇರಿ ಇದೆ. ದೇಶದಲ್ಲಿ ಹೀಗೆ ಮತ್ತೆ ಬೆಳೆಸಿದ ಹುಲ್ಲುಗಾವಲುಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು.

ಹುಲ್ಲುಗಾವಲು ಅಂದರೆ ನನ್ನ ತಲೆಯಲ್ಲಿದ್ದದ್ದು ಕುದುರೆಮುಖದ ಬೆಟ್ಟಗಳು, ಇಲ್ಲವೇ ಲಾಲ್‌ಬಾಗಿನ ಲಾನು. ಇದು ಎರಡೂ ಅಲ್ಲ. ಸೆಪ್ಟೆಂಬರಿನಲ್ಲಿ ಕಾಲುದಾರಿಗೆ ಇಳಿದರೆ ನಾಲ್ಕು ಹೆಜ್ಜೆಗೇ ಹುಲ್ಲು ನಿಮ್ಮ ಭುಜ ದಾಟುತ್ತದೆ. ಬಿಗ್ ಬ್ಲೂಸ್ಟೆಮ್ ಅನ್ನುವುದು ಇಲ್ಲಿಯ ರಾಜ. ತೆನೆ ಮೂರು ಕವಲಾಗಿ ಒಡೆದು ಕೋಳಿಯ ಪಾದದಂತೆ ಕಾಣುತ್ತದೆ, ಒಳ್ಳೆ ಮಳೆಯಾದ ವರ್ಷ ಆರರಿಂದ ಎಂಟು ಅಡಿ ಏಳುತ್ತದೆ. ಅದರ ಜತೆ ಹೊಂಬಣ್ಣದ ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್, ನಡುನಡುವೆ ಹಳದಿ ಹೂವಿನ ಗೋಲ್ಡನ್‌ರಾಡ್. ಗಾಳಿ ಬಂದಾಗ ಇಡೀ ಬಯಲು ಒಂದು ಕಡೆಯಿಂದ ಮಲಗುತ್ತಾ ಬರುತ್ತದೆ. ಇದನ್ನು ನೋಡಿದವರೆಲ್ಲ ಸಮುದ್ರಕ್ಕೆ ಹೋಲಿಸಿದ್ದಾರೆ. ನನಗೆ ನೆನಪಾದದ್ದು ಹಾವೇರಿ ಕಡೆಯ ನಮ್ಮಜ್ಜಿ ಮನೆಯ ಹಿಂದಿನ ಜೋಳದ ಹೊಲ, ಒಳಹೊಕ್ಕರೆ ಹೊರಗಿನ ದಾರಿ ಕಾಣದೆ ಹುಡುಗರು ಕೂಗಿಕೊಳ್ಳುತ್ತಿದ್ದದ್ದು. ಸದ್ದು ಮಾತ್ರ ಬೇರೆ. ಜೋಳದ ಎಲೆ ಗರಗರ ಅನ್ನುತ್ತದೆ, ಈ ಹುಲ್ಲು ಪಿಸುಗುಡುತ್ತದೆ.

ಆದರೆ ಕಣ್ಣಿಗೆ ಕಾಣುವುದು ಅರ್ಧ ಮಾತ್ರ. ಈ ಹುಲ್ಲಿನ ಬೇರು ಹತ್ತು ಅಡಿ ಆಳಕ್ಕೂ ಇಳಿಯುತ್ತದೆ. ಚಳಿಗಾಲದಲ್ಲಿ ಮೇಲಿನದ್ದು ಸಾಯುತ್ತದೆ, ಬೆಂಕಿ ಬಿದ್ದರೆ ಸುಡುತ್ತದೆ, ಪ್ರಾಣಿ ಬಂದರೆ ಮೇಯುತ್ತದೆ. ಕೆಳಗಿನದ್ದಕ್ಕೆ ಏನೂ ಆಗುವುದಿಲ್ಲ. ಸಾವಿರಾರು ವರ್ಷ ಹೀಗೆ ಬೇರು ಬೆಳೆದು ಕೊಳೆತು ಬೆಳೆದು ಇಲ್ಲಿಯ ಮಣ್ಣು ಕಾಡಿಗೆಯ ಹಾಗೆ ಕಪ್ಪಾಗಿದೆ. ಪೂರ್ವದಿಂದ ಬಂದ ರೈತರಿಗೆ ಮೊದಮೊದಲು ಇದು ಅರ್ಥವಾಗಲಿಲ್ಲ. ಮರವೇ ಬೆಳೆಯದ ನೆಲದಲ್ಲಿ ಬೆಳೆ ಹೇಗೆ ಬಂದೀತು ಅಂತ ಅವರ ತರ್ಕ. ಆಮೇಲೆ ಉಳೋಕೆ ಹೋದರೆ ಎರಕದ ಕಬ್ಬಿಣದ ನೇಗಿಲಿಗೆ ಜಿಗುಟು ಮಣ್ಣು ಮೆತ್ತಿಕೊಂಡು ನಾಲ್ಕು ಮಾರಿಗೊಮ್ಮೆ ನಿಲ್ಲಿಸಿ ಕೆರೆಯಬೇಕು. 1837ರಲ್ಲಿ ಇಲಿನಾಯ್‌ನ ಜಾನ್ ಡಿಯರ್ ಎಂಬ ಕಮ್ಮಾರ ನುಣುಪಾದ ಉಕ್ಕಿನ ನೇಗಿಲು ಮಾಡಿದ ಮೇಲೆ ಕೆಲಸ ಸಲೀಸಾಯಿತು. ಇವತ್ತು ಹಸಿರು ಬಣ್ಣದ ಟ್ರ್ಯಾಕ್ಟರುಗಳ ಮೇಲೆ ಜಿಗಿಯುವ ಜಿಂಕೆ ಇದೆಯಲ್ಲ, ಅದೇ ಕಂಪನಿ. ಎತ್ತರದ ಹುಲ್ಲಿನ ಪ್ರೇರಿ ಒಂದು ಕಾಲಕ್ಕೆ 17 ಕೋಟಿ ಎಕರೆ ಇತ್ತು. ಉಳಿದಿರುವುದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಮಳೆಕಾಡು ಹೋಯಿತು ಅಂದರೆ ಪ್ರಪಂಚಕ್ಕೆ ಗೊತ್ತಾಗುತ್ತದೆ. ಹುಲ್ಲು ಹೋದರೆ ಅಳೋರು ಯಾರು?

ಮ್ಯೂಸಿಯಂ ಪಕ್ಕದಲ್ಲೇ ಒಂದು ಮರದ ದಿಮ್ಮಿಗಳ ಮನೆ ಇದೆ. ಪಾಮರ್-ಎಪಾರ್ಡ್ ಕ್ಯಾಬಿನ್. 1867ರಲ್ಲಿ ಹತ್ತಿರದಲ್ಲೇ ಬೇರೆ ಕಡೆ ಕಟ್ಟಿದ್ದನ್ನು ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದು. ಮುಖ್ಯ ಕೋಣೆ ಸುಮಾರು 14 ಅಡಿ ಅಗಲ, 16 ಅಡಿ ಉದ್ದ. ನಮ್ಮ ಅಪಾರ್ಟ್‌ಮೆಂಟಿನ ಮಾಸ್ಟರ್ ಬೆಡ್‌ರೂಮು. ಇದರಲ್ಲಿ ಗಂಡ, ಹೆಂಡತಿ, ಹತ್ತು ಮಕ್ಕಳು ಬಾಳಿದರು. ನೂರರವತ್ತು ಎಕರೆ ಹೊರಗೆ, ಒಳಗೆ ಕಾಲು ಚಾಚೋಕೆ ಜಾಗವಿಲ್ಲ. ಇದೂ ಅದೃಷ್ಟವಂತರ ಮನೆಯೇ, ಯಾಕೆಂದರೆ ಹಳ್ಳದ ಪಕ್ಕ ಮರವಿತ್ತು. ಇನ್ನೂ ಪಶ್ಚಿಮಕ್ಕೆ ಹೋದವರು ಹುಲ್ಲಿನ ಬೇರುಸಮೇತ ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಗೋಡೆ ಕಟ್ಟಿದರು. ಮಳೆ ಬಂದರೆ ಮಾಡು ಸೋರೋದು, ಹಾವು ಇಳಿಯೋದು. ಉರುವಲಿಗೆ ಮರವಿಲ್ಲದೆ ಒಣಗಿದ ಬೈಸನ್ ಸಗಣಿ ಆರಿಸಿ ಒಲೆಗೆ ಹಾಕುತ್ತಿದ್ದರು. ಇದನ್ನು ಇಲ್ಲಿ ಪ್ರವಾಸಿಗರಿಗೆ ಹೇಳಿದಾಗ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ. ಕುಳ್ಳು ತಟ್ಟಿದ ಕೈಯ ಮೊಮ್ಮಗ ನಾನು, ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಪಾರ್ಕಿನವರು ಹಳೆ ಕಾಲದ ಬದುಕನ್ನು ಮಾಡಿ ತೋರಿಸುವ ಕಾರ್ಯಕ್ರಮಗಳನ್ನು ಇಟ್ಟುಕೊಳ್ಳುತ್ತಾರೆ. ಬೆಣ್ಣೆ ಕಡೆಯುವುದು, ನೂಲು ತೆಗೆಯುವುದು, ಕೌದಿ ಹೊಲಿಯುವುದು, ಕಮ್ಮಾರಿಕೆ. ಅಂದಿನ ಥರ ಲಂಗ, ಬಾನೆಟ್ಟು ತೊಟ್ಟ ಸ್ವಯಂಸೇವಕಿಯರು ತಾಳ್ಮೆಯಿಂದ ವಿವರಿಸುತ್ತಾರೆ. ಒಳ್ಳೆಯ ಕೆಲಸವೇ. ಬೆಣ್ಣೆ ಬರೋಕೆ ಎಷ್ಟು ಹೊತ್ತು ಬೇಕು ಅಂತ ರಟ್ಟೆ ನೋವಿನಿಂದ ಕಲಿಯುವುದು ಪುಸ್ತಕದಿಂದ ಕಲಿಯುವುದಕ್ಕಿಂತ ಮೇಲು. ಈ ಕಾನೂನು ಹೆಂಗಸರಿಗೂ ಸ್ವಂತ ಹೆಸರಲ್ಲಿ ಅರ್ಜಿ ಹಾಕಲು ಬಿಟ್ಟಿತ್ತು, ಇಪ್ಪತ್ತೊಂದು ದಾಟಿದ ಒಂಟಿ ಹೆಣ್ಣು, ವಿಧವೆ, ಗಂಡನಿಂದ ಬೇರೆಯಾದವಳು, ಯಾರಾದರೂ. 1862ರಲ್ಲಿ! ವೋಟು ಹಾಕುವ ಹಕ್ಕು ಬರುವುದಕ್ಕೆ ಸುಮಾರು ಅರವತ್ತು ವರ್ಷ ಮೊದಲು. ಇಂಥ ಸಂಗತಿಗಳಲ್ಲಿ ಈ ಪಾರ್ಕು ನಿಜಕ್ಕೂ ಖುಷಿ ಕೊಡುತ್ತದೆ. ಆದರೆ ಇಂಥ ‘ಜೀವಂತ ಇತಿಹಾಸ’ಕ್ಕೆ ಒಂದು ಮಿತಿ ಇದೆ. ಇದ್ದದ್ದನ್ನು ಮಾಡಿ ತೋರಿಸಬಹುದು. ಇಲ್ಲದಂತೆ ಮಾಡಿದ್ದನ್ನು ಹೇಗೆ ಮಾಡಿ ತೋರಿಸುತ್ತೀರಿ? ಬೆಣ್ಣೆ ಕಡೆಯುವವಳ ಪಾತ್ರ ಹಾಕಬಹುದು, ಆ ನೆಲದಿಂದ ಎದ್ದು ಹೋದವಳ ಪಾತ್ರಕ್ಕೆ ಯಾವ ವೇಷ?

ಯಾಕೆಂದರೆ ಈ ಜಾಗ ಖಾಲಿ ಇರಲಿಲ್ಲ. ಇದು ಓಟೋ ಮತ್ತು ಮಿಸೌರಿಯಾ ಜನರ ನೆಲ. ಅವರನ್ನು ಸಿನಿಮಾದಲ್ಲಿ ನೋಡಿದ ಹಾಗೆ ಕುದುರೆ ಮೇಲೆ ಗರಿ ಕಟ್ಟಿಕೊಂಡು ತಿರುಗುವವರು ಅಂತಷ್ಟೇ ಅಂದುಕೊಳ್ಳಬೇಡಿ. ಮಣ್ಣಿನ ದೊಡ್ಡ ಗುಂಡುಮನೆಗಳ ಹಳ್ಳಿ ಕಟ್ಟಿ ಇರುತ್ತಿದ್ದರು. ಹೆಂಗಸರು ಹೊಳೆದಂಡೆಯ ಮೆದು ಮಣ್ಣಿನಲ್ಲಿ ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದರು. ಸುಗ್ಗಿಯ ಹಿಂದುಮುಂದು ಇಡೀ ಊರೇ ಪಶ್ಚಿಮಕ್ಕೆ ಬೈಸನ್ ಬೇಟೆಗೆ ಹೋಗಿ ಬರುತ್ತಿತ್ತು. ಹುಲ್ಲಿಗೆ ಬೆಂಕಿ ಹಾಕುವುದು ಈ ಬಯಲುಸೀಮೆಯ ಜನರಿಗೆ ಗೊತ್ತಿದ್ದ ವಿದ್ಯೆ. ಸುಟ್ಟ ಕಡೆ ಎಳೆ ಚಿಗುರು, ಚಿಗುರಿನ ಕಡೆ ಪ್ರಾಣಿ. ‘ನೆಬ್ರಾಸ್ಕ’ ಅನ್ನುವುದೇ ಓಟೋ ಭಾಷೆಯ ಮಾತು, ಚಪ್ಪಟೆ ನೀರು ಅಂತ ಅರ್ಥ, ಹರವಾಗಿ ಹರಿಯುವ ಪ್ಲಾಟ್ ನದಿಗೆ ಅವರಿಟ್ಟ ಹೆಸರು.

1854ರ ಮಾರ್ಚಿನಲ್ಲಿ ಇವರಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಹೆಚ್ಚುಕಡಿಮೆ ಎಲ್ಲ ನೆಲವನ್ನೂ ಬಿಟ್ಟುಕೊಟ್ಟು, ಬಿಗ್ ಬ್ಲೂ ನದಿಯ ಬಳಿ ಹತ್ತು ಮೈಲಿ ಅಗಲ ಇಪ್ಪತ್ತೈದು ಮೈಲಿ ಉದ್ದದ ಒಂದು ಪಟ್ಟಿಗೆ ಹೋಗಬೇಕು. ಎರಡೂವರೆ ತಿಂಗಳಿಗೆ, ಮೇ ತಿಂಗಳ ಕೊನೆಗೆ, ನೆಬ್ರಾಸ್ಕವನ್ನು ಬಿಳಿಯರ ವಸತಿಗೆ ತೆರೆಯುವ ಕಾನೂನು ಪಾಸಾಯಿತು. ಕ್ರಮ ಗಮನಿಸಿ. ಮೊದಲು ಖಾಲಿ ಮಾಡಿಸಿ, ಆಮೇಲೆ ಖಾಲಿ ಇದೆ ಅಂತ ಬೋರ್ಡು ಹಾಕುವುದು. ಫ್ರೀಮನ್ ನೆಲ ಹಿಡಿದಾಗ ಓಟೋ ಜನ ದೂರವೇನೂ ಹೋಗಿರಲಿಲ್ಲ. ಇದೇ ಗೇಜ್ ಕೌಂಟಿಯ ದಕ್ಷಿಣ ಭಾಗದಲ್ಲೇ ಅವರ ಹಳ್ಳಿ ಇತ್ತು, ಮೀಸಲು ಪಟ್ಟಿಯಲ್ಲಿ. ಅಂದರೆ ‘ಮೊದಲ ಹೋಮ್‌ಸ್ಟೆಡರ್’ ತನ್ನ ಗೋಧಿ, ಮೆಕ್ಕೆಜೋಳ ಬೆಳೆಯುತ್ತಿದ್ದ ಹದಿನೆಂಟು ವರ್ಷ ಆ ನೆಲದ ಹಿಂದಿನವರು ಪಕ್ಕದಲ್ಲೇ ಇದ್ದರು. ಆ ಪಟ್ಟಿಯ ಮೇಲೂ ಕಣ್ಣು ಬಿದ್ದು, ಅದನ್ನೂ ಮಾರಾಟಕ್ಕಿಟ್ಟು, 1881ರಲ್ಲಿ ಅವರನ್ನು ಈಗಿನ ಒಕ್ಲಹೋಮಾಕ್ಕೆ ಸಾಗಿಸಲಾಯಿತು. ಓಟೋ-ಮಿಸೌರಿಯಾ ಬುಡಕಟ್ಟಿನ ಆಡಳಿತ ಇವತ್ತೂ ಅಲ್ಲಿನ ರೆಡ್ ರಾಕ್‌ನಲ್ಲಿದೆ.

ಇನ್ನೊಂದು ದಿನಾಂಕವನ್ನೂ ಪಕ್ಕದಲ್ಲಿ ಇಟ್ಟುಕೊಂಡು ನೋಡಬೇಕು. ಫ್ರೀಮನ್ ಮಧ್ಯರಾತ್ರಿ ಅರ್ಜಿ ಹಾಕುವುದಕ್ಕೆ ಆರು ದಿನ ಮೊದಲು, 1862ರ ಡಿಸೆಂಬರ್ 26ರಂದು, ಉತ್ತರಕ್ಕೆ ಮಿನ್ನೆಸೋಟದ ಮ್ಯಾಂಕೇಟೋ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಂದೇ ಕಟ್ಟೆಯ ಮೇಲೆ ಒಟ್ಟಿಗೆ ಗಲ್ಲಿಗೇರಿಸಿದರು. ನೆಲ ಕಳೆದುಕೊಂಡು, ಕೊಡಬೇಕಾದ ಹಣವೂ ಬಾರದೆ, ಹಸಿವಿನಿಂದ ಎದ್ದ ದಂಗೆಯ ಕೊನೆ ಅದು. ಆ ಪಟ್ಟಿಗೆ ಒಪ್ಪಿಗೆ ಕೊಟ್ಟ ಕೈಯೂ ಲಿಂಕನ್ನನದೇ. ಸೈನಿಕ ನ್ಯಾಯಾಲಯ ಸಾವು ವಿಧಿಸಿದ್ದು ಮುನ್ನೂರಕ್ಕೂ ಹೆಚ್ಚು ಜನರಿಗೆ, ಅವನು ಹೆಚ್ಚಿನವರನ್ನು ಪಟ್ಟಿಯಿಂದ ತೆಗೆದ ಅನ್ನುವುದೂ ನಿಜ. ಅದೇ ವಾರ ಗುಲಾಮರ ಬಿಡುಗಡೆಗೆ ಸಹಿ, ಬಡವರಿಗೆ ನೆಲ ಕೊಡುವ ಕಾನೂನಿನ ಜಾರಿ. ಮೂರನ್ನೂ ಮಾಡಿದವನು ಒಬ್ಬನೇ ಮನುಷ್ಯ. ನಮಗೆ ಒಂದೋ ಹೀರೋ ಬೇಕು, ಇಲ್ಲ ವಿಲನ್ ಬೇಕು. ಇತಿಹಾಸ ಆ ಸೌಕರ್ಯ ಮಾಡಿಕೊಡುವುದಿಲ್ಲ.

ಪ್ರದರ್ಶನದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಅರ್ಹತೆಯ ಷರತ್ತುಗಳು. ಅರ್ಜಿದಾರ ಅಮೆರಿಕದ ಪ್ರಜೆಯಾಗಿರಬೇಕು, ಅಥವಾ ಪ್ರಜೆಯಾಗುವ ಉದ್ದೇಶ ಇದೆ ಅಂತ ಘೋಷಣೆ ಸಲ್ಲಿಸಿರಬೇಕು. ಉದ್ದೇಶ! ಅಷ್ಟು ಸಾಕು. ಜರ್ಮನಿಯಿಂದಲೋ ಸ್ವೀಡನ್ನಿನಿಂದಲೋ ಬೊಹೀಮಿಯಾದಿಂದಲೋ ಹಡಗು ಇಳಿದವನು ಕೋರ್ಟಿಗೆ ಹೋಗಿ ‘ಇಲ್ಲೇ ಇರುವ ಮನಸ್ಸಿದೆ’ ಅಂತ ಬರೆದುಕೊಟ್ಟು, ನೇರ ಲ್ಯಾಂಡ್ ಆಫೀಸಿಗೆ ಹೋಗಬಹುದಿತ್ತು. ಈಗ ನಮ್ಮ ಅಪ್ಪ-ಅಮ್ಮ ಮೂರು ತಿಂಗಳು ಮೊಮ್ಮಗುವನ್ನು ನೋಡಿಹೋಗಲು ವೀಸಾ ಕೇಳಿದರೆ, ಇಲ್ಲಿ ಉಳಿಯುವ ಉದ್ದೇಶ ಇಲ್ಲವೇ ಇಲ್ಲ ಅಂತ ಕಾಗದಪತ್ರ ಹಿಡಿದು ಸಾಬೀತು ಮಾಡಬೇಕು. ನನ್ನಂಥ ಎಚ್-1ಬಿ ಜನ ದೇಶವಾರು ಕೋಟಾದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಕೂದಲು ಬಿಳಿ ಮಾಡಿಕೊಳ್ಳುತ್ತಿದ್ದೇವೆ. ಆ ಫಲಕದ ಮುಂದೆ ಒಂದು ನಿಮಿಷ ನನಗೆ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ.

ಆದರೆ ಆ ಹೊಟ್ಟೆಕಿಚ್ಚಿಗೂ ಅರ್ಥವಿಲ್ಲ. 1863ರಲ್ಲಿ ನಮ್ಮವರೊಬ್ಬರು ಅಲ್ಲಿ ಹೋಗಿ ನಿಂತಿದ್ದರೆ ಏನಾಗುತ್ತಿತ್ತು? ಆಗ ಪ್ರಜೆಯಾಗುವ ಅವಕಾಶ ಇದ್ದದ್ದು 1790ರ ಕಾನೂನಿನ ಪ್ರಕಾರ ಸ್ವತಂತ್ರ ಬಿಳಿಯ ವ್ಯಕ್ತಿಗಳಿಗೆ ಮಾತ್ರ. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು, ಏಷ್ಯಾದವರನ್ನು ಬಿಟ್ಟರು. ಪ್ರಜೆಯಾಗಲು ಅರ್ಹತೆಯೇ ಇಲ್ಲದವನಿಗೆ ಉದ್ದೇಶ ಇದ್ದು ಏನು ಪ್ರಯೋಜನ? ಆ ರೈಲ್ವೆ ಹಳಿ ಹಾಸಿದ ಸಾವಿರಾರು ಚೀನೀಯರಿಗೆ ಪಕ್ಕದ ನೂರರವತ್ತು ಎಕರೆ ಸಿಗುವಂತಿರಲಿಲ್ಲ. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ (ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಬೇರೆ) ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1923ರಲ್ಲಿ ಸೋತರು. ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಅಂತ ತೀರ್ಪು. ನಮಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಇನ್ನು ಆ ನೆಲದ ಮೂಲದವರಿಗೆ? 1875ರಲ್ಲಿ ಅವರೂ ಹೋಮ್‌ಸ್ಟೆಡ್ ಪಡೆಯಬಹುದು ಅಂತ ಕಾನೂನು ಬಂತು, ಬುಡಕಟ್ಟಿನ ಸಂಬಂಧ ಕಡಿದುಕೊಂಡಿರಬೇಕು ಅನ್ನುವ ಷರತ್ತಿನ ಮೇಲೆ. ತನ್ನವರನ್ನು ಬಿಟ್ಟರೆ ತನ್ನ ನೆಲದಲ್ಲೇ ಒಂದು ತುಂಡು.

ಹಾಗಂತ ಬಿಳಿ ಬಡವರ ಕಷ್ಟ ಸುಳ್ಳಲ್ಲ. ಹತ್ತು ಮಕ್ಕಳ ಆ ಒಂದು ಕೋಣೆ ಸುಳ್ಳಲ್ಲ. ಯೂರೋಪಿನಲ್ಲಿ ಜಮೀನ್ದಾರರ ಹೊಲದಲ್ಲಿ ತಲೆತಲಾಂತರ ಜೀತ ಮಾಡಿದವರ ಮಕ್ಕಳು ಮೊದಲ ಸಲ ಸ್ವಂತ ಮಣ್ಣು ಮುಟ್ಟಿದರು. ದಕ್ಷಿಣದ ಗುಲಾಮಗಿರಿಯಿಂದ ಬಿಡುಗಡೆಯಾದವರು ಕೂಡ ಕಾನ್ಸಸ್, ನೆಬ್ರಾಸ್ಕಗಳಿಗೆ ಬಂದು ನೆಲ ಹಿಡಿದು ಊರು ಕಟ್ಟಿದರು. 1877ರಲ್ಲಿ ಶುರುವಾದ ಕಾನ್ಸಸ್‌ನ ನಿಕೋಡಿಮಸ್ ಇವತ್ತೂ ಇದೆ. ‘ಉಳುವವನೇ ನೆಲದೊಡೆಯ’ ಅನ್ನುವ ಮಾತು ಕೇಳಿ ಬೆಳೆದ ನಮಗೆ ಈ ಕಾನೂನಿನ ಆಕರ್ಷಣೆ ಅರ್ಥವಾಗದೇ ಇರುವುದಿಲ್ಲ. ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ ಎಷ್ಟೋ ಮನೆಗಳು ಫಾರಂ ನಂಬರ್ 7ರಿಂದ ಬಡವಾದವು, ಎಷ್ಟೋ ಮನೆಗಳು ಅದೇ ಫಾರಂ ತುಂಬಿ ಬದುಕಿದವು. ವ್ಯತ್ಯಾಸ ಒಂದಿದೆ, ಸಣ್ಣದಲ್ಲ: ಅಲ್ಲಿ ನೆಲ ಸಿಕ್ಕಿದ್ದು ಮೊದಲೇ ಉಳುತ್ತಿದ್ದವನಿಗೆ. ಇಲ್ಲಿ ಮೊದಲೇ ಉಳುತ್ತಿದ್ದವಳನ್ನು ಉಳುವವಳು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ.

ಫ್ರೀಮನ್ ಬಗ್ಗೆ ಇನ್ನೊಂದು ಮಾತು. ಪಾರ್ಕಿಗೆ ಸೇರಿದ, ಸ್ವಲ್ಪ ದೂರದ ಒಂದು ಇಟ್ಟಿಗೆಯ ಏಕೋಪಾಧ್ಯಾಯ ಶಾಲೆ ಇದೆ. 1872ರದ್ದು, 1967ರವರೆಗೆ ಪಾಠ ನಡೆದಿದೆ. ಅಲ್ಲಿ ಮೇಡಂ ತರಗತಿಯಲ್ಲಿ ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುತ್ತಾರೆ ಅಂತ ಈ ಮುದುಕ ತಕರಾರು ತೆಗೆದ. ಶಾಲಾ ಮಂಡಳಿ ಕೇಳಲಿಲ್ಲ. ಇವನು ಕೋರ್ಟಿಗೆ ಹೋಗಿ, 1902ರಲ್ಲಿ ನೆಬ್ರಾಸ್ಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ದೇಶದ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳ ಪ್ರಾರ್ಥನೆಯ ಬಗ್ಗೆ ಅಂಥ ತೀರ್ಪು ಕೊಡಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಮೂರ್ತಿ ಮಾಡಿ ನಿಲ್ಲಿಸಲು ಹೊರಟವರಿಗೆ ಇವನು ಅಷ್ಟು ಅನುಕೂಲದ ಮನುಷ್ಯನಲ್ಲ, ಅದಕ್ಕೇ ನನಗೆ ಸ್ವಲ್ಪ ಇಷ್ಟವಾದ.

ಹುಲ್ಲು ವಾಪಸ್ ಬಂದದ್ದು ಯಾಕೆ ಅಂದರೆ ಮೂವತ್ತರ ದಶಕಕ್ಕೆ ಬರಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಒಂದು ಸಿದ್ಧಾಂತ ಜೋರಾಗಿತ್ತು: ನೆಲ ಉತ್ತರೆ ಅದರ ತೇವ ಗಾಳಿಗೆ ಸೇರಿ ಮಳೆ ಹೆಚ್ಚುತ್ತದೆ ಅಂತ. ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರೊಫೆಸರರೇ ಇದನ್ನು ಹೇಳಿದ್ದರು, ರೈಲ್ವೆ ಕಂಪನಿಗಳಿಗೂ ನೆಲ ಮಾರಲು ಅನುಕೂಲವಾಯಿತು. ಒಣ ಸೀಮೆಯಲ್ಲೂ ಹುಲ್ಲು ಕಿತ್ತರು. ಕೆಲವು ವರ್ಷ ಮಳೆಯೂ ಬಂತು, ಎಲ್ಲರೂ ನಂಬಿದರು. ಆಮೇಲೆ 1930ರ ದಶಕದಲ್ಲಿ ಬರ ಬಂದಾಗ ಹಿಡಿದಿಡುವ ಬೇರಿಲ್ಲದ ಮಣ್ಣು ಎದ್ದು ಹಾರಿತು. ಅದರ ಕೇಂದ್ರ ಇಲ್ಲಿಂದ ನೈಋತ್ಯಕ್ಕೆ ದೂರದಲ್ಲಿತ್ತು, ಪಶ್ಚಿಮ ಕಾನ್ಸಸ್, ಒಕ್ಲಹೋಮಾ, ಟೆಕ್ಸಸ್ ಕಡೆ. 1935ರ ಏಪ್ರಿಲ್ 14ರ ಭಾನುವಾರ ಅಲ್ಲಿ ಹಾಡಹಗಲೇ ಕತ್ತಲಾಯಿತು. ಅದೇ ತಿಂಗಳು ಸರ್ಕಾರ ಮಣ್ಣು ಉಳಿಸಲೆಂದೇ ಒಂದು ಇಲಾಖೆ ತೆರೆಯಿತು. ಫ್ರೀಮನ್ ಹೊಲದ ಮಣ್ಣೂ ಆ ಹೊತ್ತಿಗೆ ಸವೆದು ಕೊರಕಲು ಬಿದ್ದಿತ್ತು. ಅಂದರೆ ಹುಲ್ಲು ಬಿತ್ತಿದ್ದು ಬರೀ ನೆನಪಿಗೆ ಅಲ್ಲ, ಮಣ್ಣು ನಿಲ್ಲಲಿ ಅಂತ.

ಮತ್ತೆ ಬೆಳೆಸುವುದು ಬೀಜ ಚೆಲ್ಲಿದಷ್ಟು ಸುಲಭವಲ್ಲ. ಎಂಬತ್ತು ವರ್ಷ ದಾಟಿದರೂ ಅದು ಉತ್ತದ್ದೇ ಇಲ್ಲದ ಮೂಲ ಪ್ರೇರಿಯ ಹಾಗಿಲ್ಲ. ಹುಲ್ಲು ಬೇಗ ಬರುತ್ತದೆ, ನೂರಾರು ಜಾತಿಯ ಹೂಗಿಡ, ಮಣ್ಣೊಳಗಿನ ಶಿಲೀಂಧ್ರ, ಕೀಟ ಬರುವುದಿಲ್ಲ. ಬಿಟ್ಟರೆ ಮರಪೊದೆಗಳು ನುಗ್ಗುತ್ತವೆ. ಹಾಗಾಗಿ ಆಗಾಗ ಗಾಳಿ ನೋಡಿ, ಅಂಚು ಕತ್ತರಿಸಿ, ಬೇಕೆಂದೇ ಬೆಂಕಿ ಹಾಕುತ್ತಾರೆ. ಇಲ್ಲಿದ್ದ ಜನರಿಗೆ ಗೊತ್ತಿದ್ದ ಕೆಲಸವನ್ನು ಈಗ ಸಮವಸ್ತ್ರ ಹಾಕಿಕೊಂಡ ಸಿಬ್ಬಂದಿ ಹೆಲ್ಮೆಟ್ಟು, ನೀರಿನ ಟ್ಯಾಂಕು ಇಟ್ಟುಕೊಂಡು ಮಾಡುತ್ತಾರೆ.

ನಮ್ಮ ಕಂದಾಯ ದಾಖಲೆಗಳಲ್ಲೂ ಹುಲ್ಲಿಗೆ ಬೆಲೆ ಇಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಮೈಸೂರು ಅರಸರ ಕಾಲದಿಂದ ದನ ಮೇಯಲು ಬಿಟ್ಟ ಅಮೃತ್ ಮಹಲ್ ಕಾವಲುಗಳು ಕೃಷ್ಣಮೃಗ, ತೋಳ, ಎರೆಭೂತ ಹಕ್ಕಿಗಳ ನೆಲೆ, ಕುರಿಗಾಹಿಗಳ ಜೀವ. ಚಳ್ಳಕೆರೆಯಲ್ಲಿ ಅಂಥ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿದಾಗ ಕೇಳಿದ ಸಮರ್ಥನೆ ನಿಮಗೂ ನೆನಪಿರಬಹುದು: ಅಲ್ಲೇನಿದೆ, ಬರೀ ಬಯಲು.

ಹೋಮ್‌ಸ್ಟೆಡ್ ಕಾನೂನು ಮುಗಿದದ್ದು ನಾವು ಅಂದುಕೊಂಡದ್ದಕ್ಕಿಂತ ತೀರಾ ಈಚೆಗೆ. 1976ರಲ್ಲಿ ರದ್ದಾಯಿತು, ಅಲಾಸ್ಕದಲ್ಲಿ ಮಾತ್ರ ಇನ್ನೂ ಹತ್ತು ವರ್ಷ ಉಳಿಯಿತು. ಕೊನೆಯ ಹಕ್ಕುಪತ್ರ ಪಡೆದಾತ ಕೆನೆತ್ ಡಿಯರ್‌ಡಾರ್ಫ್, ವಿಯೆಟ್ನಾಂ ಯುದ್ಧದಿಂದ ಬಂದವರು. ಅಲಾಸ್ಕದ ಸ್ಟೋನಿ ನದಿಯ ಬಳಿ 80 ಎಕರೆಗೆ 1974ರಲ್ಲಿ ಅರ್ಜಿ ಹಾಕಿದರು, ಪತ್ರ ಕೈಗೆ ಸಿಕ್ಕಿದ್ದು 1988ರಲ್ಲಿ. ನಮ್ಮ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದೂ ಆ 1974ರಲ್ಲೇ. ಅವರ ಹಳೇ ಟ್ರ್ಯಾಕ್ಟರನ್ನು ತಂದು ಮ್ಯೂಸಿಯಂ ಒಳಗೆ ನಿಲ್ಲಿಸಿದ್ದಾರೆ. ಬಣ್ಣ ಬಳಿದು ಹೊಸದು ಮಾಡಿಲ್ಲ, ತುಕ್ಕು ಹಾಗೇ ಬಿಟ್ಟಿದ್ದಾರೆ, ಒಳ್ಳೇದು ಮಾಡಿದ್ದಾರೆ.

ಓಮಾಹಾ, ಲಿಂಕನ್, ಕಾನ್ಸಸ್ ಸಿಟಿ ಕಡೆ ಇರುವವರು ಹೋಗಿ ಬನ್ನಿ. ಟಿಕೆಟ್ ಇಲ್ಲ. ಹೋಗುವುದಾದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಹುಲ್ಲು ಪೂರ್ತಿ ಏರಿರುವಾಗ. ಉದ್ದ ಪ್ಯಾಂಟು ಹಾಕಿಕೊಳ್ಳಿ, ಉಣ್ಣೆಹುಳ ಇರುತ್ತದೆ. ಕಾಲುದಾರಿಯ ಒಂದು ಕಡೆ ಫ್ರೀಮನ್ ನೆಟ್ಟ ಓಸೇಜ್ ಆರೆಂಜ್ ಮರಗಳ ಬೇಲಿ ಇನ್ನೂ ಇದೆ, ಮುಳ್ಳುತಂತಿ ಬರುವ ಮೊದಲಿನ ಕಾಲದ್ದು. ಹಸಿರು ಕಾಯಿ ಚೆಂಡಿನ ಹಾಗೆ ಉದುರಿರುತ್ತವೆ, ತಿನ್ನೋಕೆ ಬರಲ್ಲ. ಪಾರ್ಕಿನ ಗಡಿ ದಾಟಿದರೆ ರಸ್ತೆಯುದ್ದಕ್ಕೂ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಮೆಕ್ಕೆಜೋಳವೂ ಹುಲ್ಲಿನ ಜಾತಿಯೇ, ಆ ತಿಂಗಳಲ್ಲಿ ಎತ್ತರವೂ ಹೆಚ್ಚುಕಡಿಮೆ ಒಂದೇ. ಅಕ್ಟೋಬರಿಗೆ ಅದನ್ನು ಕಟಾವು ಮಾಡುತ್ತಾರೆ, ಈ ಕಡೆಯದ್ದು ಮಾರ್ಚಿನವರೆಗೆ ಒಣಗಿ ನಿಂತಿರುತ್ತದೆ.